ಬಹುಮಾನ ಯಾರಿಗೆ, ಹೆಸರು ಯಾರದು?

ಸುಗ್ಗಿ ಮುಗಿದು ಜಾತ್ರೆಗಳ ಸಾಲು ಶುರುವಾಯಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಚಹಾದಂಗಡಿಗಳ ಗೋಡೆ ತುಂಬ ಕರಪತ್ರಗಳು. ಹೊನಲು ಬೆಳಕಿನ ಕಬಡ್ಡಿ, ಬಯಲು ಕುಸ್ತಿ, ಬಂಡಿ ಓಟ, ಗುಂಡು ಎತ್ತುವ ಪಂದ್ಯ. ಎಲ್ಲಕ್ಕೂ ಮೇಲೆ ಊರ ದೇವರ ಚಿತ್ರ, ಅದರ ಕೆಳಗೆ ಸ್ವಾಮಿಗಳು, ಅವರ ಕೆಳಗೆ ಶಾಸಕರು, ಮಾಜಿ ಶಾಸಕರು, ಮುಂದಿನ ಸಲ ಟಿಕೆಟ್ ಸಿಗಬಹುದೆಂದು ಕಾದಿರುವವರು. ನಡುವೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ತೃತೀಯ ಬಹುಮಾನ. ಒಂದೊಂದರ ಎದುರಿಗೂ ಕೊಡುಗೈ ದಾನಿಗಳ ಹೆಸರು. ಆಡುವವರ ಹೆಸರು ಅಲ್ಲಿ ಇಲ್ಲ. ಇರಲಿಕ್ಕೆ ಸಾಧ್ಯವೂ ಇಲ್ಲ, ಗೆಲ್ಲುವವರು ಯಾರೆಂದು ಇನ್ನೂ ಗೊತ್ತಿಲ್ಲವಲ್ಲ! ಆದರೆ ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ಬರುವ ಫೋಟೊದಲ್ಲೂ ಮುಂದಿನ ಸಾಲು ಕೊಟ್ಟವರದೇ. ಗೆದ್ದ ಹುಡುಗರು ಹಿಂದೆ ನಿಂತು, ತಲೆ ಕಾಣಿಸಿದರೆ ಸಾಕೆಂದು ಕತ್ತು ಚಾಚಿರುತ್ತಾರೆ.

ಕುಸ್ತಿ ಕಣದಲ್ಲಿ ಮಾತ್ರ ಹಳೆಯ ರೀತಿಯೊಂದು ಇನ್ನೂ ಉಳಿದಿದೆ. ಮಧ್ಯಾಹ್ನ ಚಿಕ್ಕ ಹುಡುಗರ ಜೋಡಿಗಳಿಂದ ಶುರುವಾಗುತ್ತದೆ. ಗೆದ್ದವನಿಗೆ ತೆಂಗಿನಕಾಯಿಯೋ ಸಣ್ಣ ನೋಟೋ. ಹಲಗೆಯ ಸದ್ದು ಏರಿದಂತೆ ಜೋಡಿಗಳ ತೂಕವೂ ಬಹುಮಾನದ ತೂಕವೂ ಏರಿ, ಕೊನೆಯ ಜೋಡಿಗೆ ಬೆಳ್ಳಿ ಕಡಗ. ಎದುರಾಳಿಯನ್ನು ಚಿತ್ ಮಾಡಿದ ಹುಡುಗ ಮೈಗೆ ಮೆತ್ತಿದ ಮಣ್ಣನ್ನು ಕೊಡವಿಕೊಳ್ಳದೆ ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಮಂಡಕ್ಕಿ ಪೊಟ್ಟಣ ಹಿಡಿದು ಕೂತ ಮುದುಕನೊಬ್ಬ ಒಳಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆಯ ನೋಟೊಂದನ್ನು ಬಿಡಿಸಿ ಅವನ ಕೈಗಿಡುತ್ತಾನೆ. ಮುದುಕನ ಹೆಸರು ಮೈಕಿನಲ್ಲಿ ಬರುವುದಿಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ. ಪಟ್ಟು ಕಣ್ಣಾರೆ ಕಂಡಿದ್ದಾನೆ, ಮೆಚ್ಚಿದ್ದಾನೆ, ಕೊಟ್ಟಿದ್ದಾನೆ.

ಆಟದ ಬಹುಮಾನಕ್ಕೂ ಸಾರ್ವಜನಿಕ ಬದುಕಿನ ಬಹುಮಾನಕ್ಕೂ ಇರುವ ಮುಖ್ಯ ವ್ಯತ್ಯಾಸ ಅಳತೆಯದು. ಕಣಕ್ಕಿಳಿಯುವ ಮೊದಲೇ ನಿಯಮ ಎಲ್ಲರಿಗೂ ಗೊತ್ತು: ಬೆನ್ನು ನೆಲಕ್ಕೆ ಹತ್ತಿದರೆ ಸೋಲು, ಎದುರಾಳಿಯನ್ನು ಮುಟ್ಟಿ ಗೆರೆಗೆ ವಾಪಸಾದರೆ ಪಾಯಿಂಟು. ಸಮಾಜಸೇವೆಗೆ, ಸಾಹಿತ್ಯಕ್ಕೆ, ಆಡಳಿತಕ್ಕೆ, ರಾಜಕೀಯಕ್ಕೆ ಅಂಥ ಗೆರೆ ಎಳೆಯುವುದು ಕಷ್ಟ. ಹಾಗಾಗಿಯೇ ಅಲ್ಲಿ ಶಿಫಾರಸು, ಅರ್ಜಿ, ಓಡಾಟ, ಶಾಲು, ಪೇಟ. ಇತ್ತೀಚೆಗೆ ಆಗಿರುವ ಎಡವಟ್ಟೆಂದರೆ, ಸಾರ್ವಜನಿಕ ಬದುಕು ಆಟದಿಂದ ಅಳತೆಯ ಶಿಸ್ತನ್ನು ಕಲಿಯಬೇಕಿತ್ತು. ಆದರೆ ಆಟವೇ ಸಾರ್ವಜನಿಕ ಬದುಕಿನ ಶಾಲು-ಪೇಟದ ಚಾಳಿಯನ್ನು ಕಲಿತುಕೊಂಡಿದೆ.

ಈ ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಅಗಸೆಯ ಬಳಿ ವೀರಗಲ್ಲುಗಳು ನಿಂತಿವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದವನು, ಊರ ಮೇಲೆ ದಾಳಿಯಾದಾಗ ಸತ್ತವನು, ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಾನೆ. ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗಕ್ಕೆ ಹೋಗುತ್ತಾನೆ. ನಾಡಿನ ಇಂಥ ಶಾಸನಗಳಲ್ಲಿ ನೆತ್ತರುಗೊಡಗೆ, ಬಾಳ್ಗಳ್ಚು (ಕತ್ತಿ ತೊಳೆದು ಕೊಡುವುದು) ಎಂಬ ದತ್ತಿಗಳ ಪ್ರಸ್ತಾಪ ಬರುತ್ತದೆ. ನೆತ್ತರುಗೊಡಗೆ ಎಂದರೆ ರಕ್ತ ಸುರಿಸಿದವನ ಮನೆಯವರಿಗೆ ಬಿಟ್ಟ ಭೂಮಿ. ಸ್ವರ್ಗದ ಚಿತ್ರ ಸತ್ತವನಿಗೆ, ಹೊಲ ಹೆಂಡತಿ ಮಕ್ಕಳಿಗೆ. ಗೌರವವೂ ಅನ್ನವೂ ಒಂದೇ ದತ್ತಿಯಲ್ಲಿದ್ದವು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈ ವಿಷಯದಲ್ಲಿ ಒಂದು ಪಾಠದಂತಿದೆ. ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ. ರಾಷ್ಟ್ರಕೂಟ ಮೂರನೆಯ ಕೃಷ್ಣ ತನ್ನ ಕಡೆ ಹೋರಾಡಿದ ಗಂಗ ಬೂತುಗನಿಗೆ ಬನವಾಸಿಯಂಥ ನಾಡುಗಳನ್ನೇ ಕೊಟ್ಟ. ಬೂತುಗ ತನ್ನ ಬಂಟ ಮಣಲೇರನಿಗೆ ಊರುಗಳನ್ನು ಕೊಟ್ಟ. ಒಡೆಯ ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೂ ಕಲ್ಲು ನೆಟ್ಟರು, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಯಾರು ಏನು ಮಾಡಿದರು, ಅದಕ್ಕೆ ಯಾರು ಏನು ಕೊಟ್ಟರು ಎಂಬುದು ಸಾವಿರ ವರ್ಷದ ಮೇಲೂ ಓದಲು ಸಿಗುತ್ತದೆ. ಇಂದಿನ ಸನ್ಮಾನದ ಫಲಕಗಳಲ್ಲಿ ಹುಡುಕಿದರೆ ಸಿಗುವುದು 'ಅಮೋಘ ಸೇವೆಯನ್ನು ಪರಿಗಣಿಸಿ' ಎಂಬ ಒಂದು ಸಾಲು. ಯಾವ ಸೇವೆ, ಯಾವಾಗ ಮಾಡಿದ್ದು ಎಂದು ಕೇಳಿದರೆ ಕೊಟ್ಟವರೂ ತಡಕಾಡಬೇಕು.

ಕೊಟ್ಟೂರಿನವರಾದ ಕುಂ. ವೀರಭದ್ರಪ್ಪ ಅವರ ವಿಷಯಕ್ಕೆ ಬಂದರೆ ಬಹುಮಾನದ ಇನ್ನೊಂದು ಮುಖ ಕಾಣುತ್ತದೆ. ಆಂಧ್ರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ರಾಯಲಸೀಮೆಯ, ಬಳ್ಳಾರಿಯ ಬದುಕನ್ನು ಬರೆದವರಿಗೆ 'ಅರಮನೆ' ಕಾದಂಬರಿಗಾಗಿ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಂಟು ವರ್ಷದ ನಂತರ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಯಾಯಿತು. ಕಲಬುರ್ಗಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಅದೇ ಅಕಾಡೆಮಿಯ ಪ್ರಶಸ್ತಿ ಪಡೆದವರು. ಅಕಾಡೆಮಿ ಬಾಯಿ ಬಿಡಲಿಲ್ಲವೆಂಬ ಸಿಟ್ಟಿನಲ್ಲಿ ದೇಶದ ನಾನಾ ಭಾಷೆಗಳ ಲೇಖಕರು ಪ್ರಶಸ್ತಿ ಹಿಂತಿರುಗಿಸತೊಡಗಿದಾಗ, ಆ ಅಕ್ಟೋಬರ್‌ನಲ್ಲಿ ಕುಂವೀ ಕೂಡ ತಮ್ಮದನ್ನು ವಾಪಸು ಮಾಡುವುದಾಗಿ ಹೇಳಿದರು. ದೇವನೂರ ಮಹಾದೇವ ಅಕಾಡೆಮಿ ಪ್ರಶಸ್ತಿಯ ಜೊತೆಗೆ ಪದ್ಮಶ್ರೀಯನ್ನೂ ಹಿಂತಿರುಗಿಸಿದರು.

ಇದರ ಸರಿ ತಪ್ಪುಗಳ ಚರ್ಚೆ ಆಗ ಬೇಕಾದಷ್ಟಾಯಿತು. ಪ್ರಶಸ್ತಿ ಸಂದದ್ದು ಕೃತಿಗೆ, ಸರ್ಕಾರದ ಮೇಲಿನ ಕೋಪಕ್ಕೆ ಅದನ್ನು ಬಳಸುವುದು ಎಷ್ಟು ಸರಿ ಎಂದರು ಕೆಲವರು. ಕೊಟ್ಟ ಸಂಸ್ಥೆ ಬರೆಯುವವರ ಜೊತೆ ನಿಲ್ಲದಿದ್ದರೆ ಅದು ಕೊಟ್ಟ ಫಲಕಕ್ಕೆ ಬೆಲೆ ಎಲ್ಲಿಯದು ಎಂದರು ಉಳಿದವರು. 2023ರ ಜುಲೈನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ಇದಕ್ಕೆ ಪರಿಹಾರವನ್ನೂ ಹೇಳಿತು: ಮುಂದೆ ರಾಜಕೀಯ ಕಾರಣಕ್ಕೆ ಹಿಂತಿರುಗಿಸುವುದಿಲ್ಲವೆಂದು ಪ್ರಶಸ್ತಿ ಕೊಡುವ ಮೊದಲೇ ಬರೆಸಿಕೊಳ್ಳಬೇಕು! ಮುಚ್ಚಳಿಕೆ ಬರೆಸಿಕೊಂಡು ಕೊಡುವುದು ಸಾಲ. ಪ್ರಶಸ್ತಿಗೂ ಅದೇ ಕ್ರಮ ಎಂದಾದರೆ, ಕೊಡುವವರು ಮೆಚ್ಚುಗೆಯ ಜೊತೆಗೆ ವಿಧೇಯತೆಯನ್ನೂ ಖರೀದಿಸಿದಂತಾಗುತ್ತದೆ.

ಅದೇ ವರ್ಷ ಕುಸ್ತಿ ಫೆಡರೇಷನ್ ಅಧ್ಯಕ್ಷರ ವಿರುದ್ಧ ಪ್ರತಿಭಟನೆಗಿಳಿದಿದ್ದ ಕುಸ್ತಿಪಟುಗಳು ಈ ಪ್ರಶ್ನೆಯನ್ನು ಬೀದಿಗೆ ತಂದರು. ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಮೇ 30ರಂದು ಪದಕಗಳನ್ನು ಗಂಗೆಗೆ ಬಿಡಲು ಹರಿದ್ವಾರಕ್ಕೆ ಹೋದರು. ರೈತ ಮುಖಂಡರು ಕೈ ಹಿಡಿದು ತಡೆದರು. ಡಿಸೆಂಬರ್‌ನಲ್ಲಿ ಬಜರಂಗ್ ಪದ್ಮಶ್ರೀಯನ್ನು ದೆಹಲಿಯ ಕರ್ತವ್ಯ ಪಥದ ಫುಟ್‌ಪಾತಿನ ಮೇಲಿಟ್ಟು ನಡೆದರು, ಕೆಲವೇ ದಿನದಲ್ಲಿ ವಿನೇಶ್ ಖೇಲ್ ರತ್ನ, ಅರ್ಜುನ ಪ್ರಶಸ್ತಿಗಳನ್ನು ಅಲ್ಲೇ ಬಿಟ್ಟರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಸರ್ಕಾರ ಕೊಟ್ಟ ಪ್ರಶಸ್ತಿಯನ್ನು ಬೀದಿಯಲ್ಲಿಟ್ಟು ಬರಲು ಅವರಿಗೆ ಸಾಧ್ಯವಾಯಿತು. ಕಣದಲ್ಲಿ ಗೆದ್ದ ಪದಕಗಳು ನೀರಿಗೆ ಬೀಳಲಿಲ್ಲ. ತಡೆದವರಿಗೂ ಅದನ್ನು ಕಣ್ಣಾರೆ ನೋಡುವುದು ಆಗಲಿಲ್ಲ. ಪದಕ ಗೆದ್ದವರ ಸ್ವಂತದ್ದು, ಪ್ರಶಸ್ತಿ ಕೊಟ್ಟವರದೂ ಹೌದು ಎಂಬ ತಿಳಿವಳಿಕೆ ಎಲ್ಲರಲ್ಲೂ ಇತ್ತು.

ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಡೆದದ್ದು ಅಳತೆಯ ಇನ್ನೊಂದು ಮುಖ. 50 ಕೆ.ಜಿ. ವಿಭಾಗದ ಫೈನಲ್ ದಿನ ಬೆಳಿಗ್ಗೆ ವಿನೇಶ್ ತೂಕ 100 ಗ್ರಾಂ ಹೆಚ್ಚಿತ್ತು. ಅನರ್ಹರಾದರು, ಪದಕವಿಲ್ಲದೆ ಮರಳಿದರು. ಹರಿಯಾಣ ಸರ್ಕಾರ ಬೆಳ್ಳಿ ಗೆದ್ದವರಿಗೆ ಕೊಡುವ ಗೌರವವನ್ನೇ ಕೊಡುವುದಾಗಿ ಸಾರಿತು. ಅಕ್ಟೋಬರ್‌ನಲ್ಲಿ ಜುಲಾನಾ ಕ್ಷೇತ್ರದ ಮತದಾರರು ಅವರನ್ನು ಶಾಸಕಿಯಾಗಿಸಿದರು. 2025ರಲ್ಲಿ ಸರ್ಕಾರ ನಗದು, ನಿವೇಶನ, ನೌಕರಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಾಗ ನಾಲ್ಕು ಕೋಟಿ ರೂಪಾಯಿ ನಗದನ್ನು ಆರಿಸಿಕೊಂಡರು. ಒಂದೇ ಪಂದ್ಯಕ್ಕೆ ತಕ್ಕಡಿ ಕೊಟ್ಟದ್ದು ಸೊನ್ನೆ, ಸರ್ಕಾರ ಕೊಟ್ಟದ್ದು ಕೋಟಿ, ಜನ ಕೊಟ್ಟದ್ದು ಕುರ್ಚಿ. ತಕ್ಕಡಿಯ ಮಾತು ಕಠೋರ, ಆದರೆ ಸ್ಪಷ್ಟ. ಉಳಿದೆರಡರಲ್ಲಿ ಎಷ್ಟು ಪಾಲು ಕುಸ್ತಿಯ ಮೆಚ್ಚುಗೆ, ಎಷ್ಟು ಪಾಲು ಅನುಕಂಪ, ಎಷ್ಟು ಪಾಲು ಚುನಾವಣೆಯ ಲೆಕ್ಕ ಎಂದು ಬಿಡಿಸಿ ಹೇಳಬಲ್ಲವರು ಯಾರು?

ಮತವೂ ಬಹುಮಾನವೇ ಎಂದು ರಾಜಕಾರಣಿಗಳು ನಂಬುತ್ತಾರೆ. ಹರಪನಹಳ್ಳಿಯ ಚರಿತ್ರೆ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. 1997ರಲ್ಲಿ ಈ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ 371(ಜೆ) ವಿಧಿ ತಂದಾಗ ಬೀದರ್‌ನಿಂದ ಬಳ್ಳಾರಿವರೆಗಿನ ಆರು ಜಿಲ್ಲೆಗಳ ಮಕ್ಕಳಿಗೆ ನೌಕರಿಯಲ್ಲೂ ಕಾಲೇಜು ಸೀಟಿನಲ್ಲೂ ಮೀಸಲಾತಿ ಸಿಕ್ಕಿತು. ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಹೊರಗುಳಿಯಿತು. ನೆರೆಯ ಹಡಗಲಿಯ ಹುಡುಗನಿಗೆ ಸಿಗುವುದು ಇಲ್ಲಿಯ ಹುಡುಗನಿಗೆ ಇಲ್ಲ. ವರ್ಷಗಟ್ಟಲೆ ಹೋರಾಟ ನಡೆಯಿತು. ಆಗ ಶಾಸಕರಾಗಿದ್ದವರು ಎಂ.ಪಿ. ರವೀಂದ್ರ, ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ, ರಾಜ್ಯದ ಉಪಮುಖ್ಯಮಂತ್ರಿಯೂ ಆಗಿದ್ದ ಎಂ.ಪಿ. ಪ್ರಕಾಶ್ ಅವರ ಮಗ. 2018ರಲ್ಲಿ ಸರ್ಕಾರ ಒಪ್ಪಿತು, ಹರಪನಹಳ್ಳಿಗೆ ಸವಲತ್ತು ಬಂತು, ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿತು. ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ರವೀಂದ್ರ ಸೋತರು. ನವೆಂಬರ್‌ನಲ್ಲಿ ತೀರಿಕೊಂಡರು.

ಇದನ್ನು ಜನರ ಕೃತಘ್ನತೆ ಎನ್ನುವವರಿದ್ದಾರೆ. ಅದು ಅವಸರದ ಮಾತು. ಮತದಾರ ಕಳೆದ ಕೆಲಸಕ್ಕೆ ಕೂಲಿ ಕೊಡಲು ಮಾತ್ರ ಸಾಲಿನಲ್ಲಿ ನಿಲ್ಲುವುದಿಲ್ಲ. ಮುಂದಿನ ಐದು ವರ್ಷ ಯಾರಿಗೆ ಬಿಡಬೇಕೆಂದು ಯೋಚಿಸುತ್ತಾನೆ. ಜಾತಿ, ಪಕ್ಷ, ರಾಜ್ಯದ ಗಾಳಿ ಎಲ್ಲವೂ ಅದರಲ್ಲಿ ಸೇರುತ್ತವೆ. 2023ರಲ್ಲಿ ರವೀಂದ್ರ ಅವರ ಸಹೋದರಿ ಲತಾ ಮಲ್ಲಿಕಾರ್ಜುನ್ ಪಕ್ಷದ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಅದೇ ಹರಪನಹಳ್ಳಿಯಿಂದ ಗೆದ್ದರು. ಸಹೋದರನ ಕೆಲಸಕ್ಕೆ ಸಹೋದರಿಗೆ ಬಹುಮಾನ ಬಂತೆಂದು ಕಥೆ ಕಟ್ಟಬಹುದು. ಆದರೆ 371(ಜೆ) ಪ್ರಮಾಣಪತ್ರ ಹಿಡಿದು ಕಾಲೇಜು ಸೇರಿದ ಹರಪನಹಳ್ಳಿಯ ಹುಡುಗಿಗೆ ಆ ಸೀಟು ಯಾರ ಬಹುಮಾನವೂ ಅಲ್ಲ, ಅವಳ ಹಕ್ಕು. ಸಾರ್ವಜನಿಕ ಬದುಕಿನಲ್ಲಿ ಹಕ್ಕನ್ನೂ ಕೊಡುಗೆಯ ಹೆಸರಿನಲ್ಲಿ ಹಂಚುವ, ಅದಕ್ಕೂ ಫ್ಲೆಕ್ಸ್ ಕಟ್ಟುವ ರೂಢಿ ಬೆಳೆದಿರುವುದರಿಂದಲೇ ಈ ಗೊಂದಲ.

ಅಧಿಕಾರಿಗಳ ಪಾಲಿನ ಬಹುಮಾನ ಇನ್ನೂ ವಿಚಿತ್ರ. 2016ರ ಜನವರಿಯಲ್ಲಿ ಕೂಡ್ಲಿಗಿ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ಇಂಡಿಗೆ ವರ್ಗ ಮಾಡಲಾಯಿತು. ಆಗಿನ ಜಿಲ್ಲಾ ಉಸ್ತುವಾರಿ ಸಚಿವರ ಫೋನ್ ಕರೆಯೊಂದರ ಸುತ್ತ ಎದ್ದ ವಿವಾದ ರಾಜ್ಯದ ಎಲ್ಲ ವಾಹಿನಿಗಳಲ್ಲೂ ಓಡಿತು. ಸ್ಥಳೀಯರು ಬೀದಿಗಿಳಿದರು, ವರ್ಗಾವಣೆ ರದ್ದಾಯಿತು. ಪೊಲೀಸ್ ಅಧಿಕಾರಿಯೊಬ್ಬರಿಗಾಗಿ ಜನ ಧರಣಿ ಕೂರುವುದೆಂದರೆ ಅದಕ್ಕಿಂತ ದೊಡ್ಡ ಪದಕ ಇಲಾಖೆಯ ಪೆಟ್ಟಿಗೆಯಲ್ಲಿ ಇರಲಾರದು. ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಎರಡು ವರ್ಷದ ನಂತರ ತಮ್ಮದೇ ಪಕ್ಷ ಕಟ್ಟಿ ಉಡುಪಿ ಜಿಲ್ಲೆಯ ಕಾಪು ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತರು. ಸಮವಸ್ತ್ರಕ್ಕೆ ಸಿಕ್ಕ ಮೆಚ್ಚುಗೆ ಮತಪೆಟ್ಟಿಗೆಗೆ ವರ್ಗವಾಗಲಿಲ್ಲ.

ಸ್ವಾತಂತ್ರ್ಯ ಹೋರಾಟಗಾರರ ವಿಷಯದಲ್ಲೂ ಇಂಥ ತೊಡಕು ಇತ್ತು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ತಂದಿರಿಸಿದ ಹುತಾತ್ಮರ ಸ್ಮಾರಕವಿದೆ. ಆ ಕಾಲದಲ್ಲಿ ಜೈಲಿಗೆ ಹೋದವರು ಪಿಂಚಣಿಯ ಲೆಕ್ಕ ಹಾಕಿ ಹೋದವರಲ್ಲ. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, ಕೇಂದ್ರ ಸರ್ಕಾರ ತಾಮ್ರಪತ್ರ ಹಂಚಿ ಪಿಂಚಣಿ ಯೋಜನೆ ತಂದಿತು. ಬಡತನದಲ್ಲಿದ್ದ ಎಷ್ಟೋ ಮಂದಿಗೆ ಅದು ಔಷಧಿ, ಊಟವಾಯಿತು. ಬೆನ್ನಿಗೇ ಸುಳ್ಳು ಪ್ರಮಾಣಪತ್ರ ಹಿಡಿದವರೂ ಬಂದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಳತೆ ಕಷ್ಟವಾದ ಕಡೆ ನಕಲಿ ಸುಲಭ.

ಇನ್ನು ಮಂಜಮ್ಮ ಜೋಗತಿ. ಹಗರಿಬೊಮ್ಮನಹಳ್ಳಿಗೆ ನೆರೆಯ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದವರು, ಕಾಳವ್ವ ಜೋಗತಿಯ ಶಿಷ್ಯೆ. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ದನಿಗೆ ಕುಣಿದು, ಜನ ಹಾಕಿದ ಚಿಲ್ಲರೆಯಲ್ಲಿ ಬದುಕಿದವರು. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಗೆ ಬಂದದ್ದು ಅದೇ ಮೊದಲು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಹೋದಾಗ, ರಾಮನಾಥ ಕೋವಿಂದರ ಎದುರು ನಿಂತು ಸೆರಗಿನಿಂದ ದೃಷ್ಟಿ ತೆಗೆದು, ಬೆರಳನ್ನು ನೆಲಕ್ಕೆ ತಾಗಿಸಿದರು. ಸಭಾಂಗಣ ಚಪ್ಪಾಳೆ ತಟ್ಟಿತು. ಆ ಒಂದು ಕ್ಷಣದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಅದಲು ಬದಲಾಯಿತು. ಬೀದಿಯಲ್ಲಿ ಕಾಣಿಕೆ ಪಡೆದು ಹರಸಿ ಕಳಿಸುವ ಜೋಗತಿಯ ವೃತ್ತಿಧರ್ಮವನ್ನು ಅವರು ರಾಷ್ಟ್ರಪತಿಯ ಎದುರಿಗೂ ಬಿಡಲಿಲ್ಲ.

ಪದ್ಮ ಪ್ರಶಸ್ತಿಗೆ ನಗದಿಲ್ಲ, ಪಿಂಚಣಿಯಿಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿರುವುದರಿಂದ ಅದನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವಂತೆಯೂ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು. ಆದರೂ ಆಮಂತ್ರಣ ಪತ್ರಿಕೆಗಳಲ್ಲಿ ಅಂಟುತ್ತಲೇ ಇರುತ್ತದೆ. ಪ್ರಶಸ್ತಿ ಬಂದ ಮರುದಿನ ಆ ಕಲೆಯ ಉಳಿದವರ ಸ್ಥಿತಿ ಬದಲಾಯಿತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಬ್ಬರಿಗೆ ಕೊಟ್ಟ ಗೌರವದಿಂದ ಒಂದು ಸಮುದಾಯದ ಋಣ ತೀರಿತೆಂದು ಕೈ ತೊಳೆದುಕೊಳ್ಳುವುದು ಸರ್ಕಾರಗಳಿಗೆ ಅನುಕೂಲ.

ಇದನ್ನೇ ಆಟದ ಕಡೆಗೆ ತಿರುಗಿಸಿ ನೋಡಿದರೆ 2025ರ ಎರಡು ಘಟನೆಗಳು ಎದ್ದು ಕಾಣುತ್ತವೆ. ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೆಯಿತು. ಪುರುಷರ, ಮಹಿಳೆಯರ ಎರಡೂ ಫೈನಲ್‌ಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ತಲಾ ಐದು ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಪತ್ರಕರ್ತರ ಮುಂದೆ ಕೂತು, ಗೌರವದಿಂದಲೇ, ಇದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಅದೇ ತಂಡದ ಮಹಾರಾಷ್ಟ್ರದ ಆಟಗಾರರಿಗೆ ಅಲ್ಲಿಯ ಸರ್ಕಾರ ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ ಘೋಷಿಸಿತ್ತು. ದುರಾಸೆ ಎಂದು ಮೂಗು ಮುರಿದವರೂ ಇದ್ದರು. ಆದರೆ ಮಣ್ಣಿನ ಆಟದಲ್ಲಿ ಮೊಣಕಾಲು ಸವೆಸಿದವರು ಕೇಳಿದ್ದು ಹಾರದ ಗಾತ್ರದ ವಿಷಯವನ್ನಲ್ಲ, ಮೂವತ್ತು ದಾಟಿದ ಮೇಲೆ ಹೊಟ್ಟೆಪಾಡಿಗೆ ಏನು ಎಂಬುದನ್ನು.

ಜೂನ್ 3ರಂದು ಆರ್‌ಸಿಬಿ ಕೊನೆಗೂ ಐಪಿಎಲ್ ಗೆದ್ದಿತು. ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಪೇಟ, ಶಾಲು, ಸಾಲುಗಟ್ಟಿದ ಗಣ್ಯರು. ಖಾಸಗಿ ಕಂಪನಿಯ ತಂಡವೊಂದಕ್ಕೆ ರಾಜ್ಯದ ಹೆಸರಿನಲ್ಲಿ ಗೌರವ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು, ಹೆಚ್ಚಿನವರು ಎಳೆಯರು. ಸತ್ತವರ ಕುಟುಂಬಗಳಿಗೆ ಸರ್ಕಾರ ಮೊದಲು ಘೋಷಿಸಿದ ಹತ್ತು ಲಕ್ಷದ ಪರಿಹಾರ ಆಮೇಲೆ ಇಪ್ಪತ್ತೈದು ಲಕ್ಷಕ್ಕೆ ಏರಿತು. ಕೊಕ್ಕೊ ಗೆದ್ದವರಿಗೆ ಐದು ಲಕ್ಷ, ಕ್ರಿಕೆಟ್ ನೋಡಲು ಹೋಗಿ ಸತ್ತವರಿಗೆ ಇಪ್ಪತ್ತೈದು ಲಕ್ಷ. ಎರಡೂ ಮೊತ್ತಗಳನ್ನು ಒಂದೇ ವರ್ಷ ಒಂದೇ ಸರ್ಕಾರ ಘೋಷಿಸಿತ್ತು. ವಿಜಯೋತ್ಸವಕ್ಕೆ ಒಂದು ದಿನದ ತಯಾರಿಗೂ ಪುರುಸೊತ್ತಿಲ್ಲದಿದ್ದದ್ದು ಆಟಗಾರರಿಗಲ್ಲ, ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕಿದ್ದವರಿಗೆ.

ಗೆದ್ದವರನ್ನು ಊರು ಸಾಕಬೇಕೆಂಬ ವಿಚಾರ ಹೊಸದೇನಲ್ಲ. ಒಲಿಂಪಿಯಾದಲ್ಲಿ ಗೆದ್ದವನಿಗೆ ಕಣದಲ್ಲಿ ಸಿಗುತ್ತಿದ್ದದ್ದು ಆಲಿವ್ ಎಲೆಯ ಕಿರೀಟ ಮಾತ್ರ. ಆದರೆ ಅಥೆನ್ಸ್‌ಗೆ ಮರಳಿದರೆ ಸೋಲನ್ ಎಂಬ ಮುತ್ಸದ್ದಿ ಮಾಡಿದ ಕಾನೂನಿನಂತೆ 500 ದ್ರಾಕ್ಮಾ, ನಗರದ ಖರ್ಚಿನಲ್ಲಿ ಬದುಕಿರುವವರೆಗೆ ಊಟ. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನ ಮೇಲೆ ಅಪರಾಧ ಸಾಬೀತಾಗಿ, ನಿನಗೆ ತಕ್ಕ ಶಿಕ್ಷೆ ಯಾವುದೆಂದು ನೀನೇ ಹೇಳು ಎಂದಾಗ ಅವನು ಕೇಳಿದ್ದು ಆ ಊಟವನ್ನೇ. ಕುದುರೆ ಓಡಿಸಿ ಗೆದ್ದವನಿಗಿಂತ ತನಗೇ ಅದು ಹೆಚ್ಚು ಸಲ್ಲಬೇಕೆಂದ. ನ್ಯಾಯಸಭೆ ವಿಷ ಕೊಟ್ಟಿತು. ಗೆರೆ ಮುಟ್ಟಿದವನನ್ನು ಗುರುತಿಸಿದ ನಗರಕ್ಕೆ ಪ್ರಶ್ನೆ ಕೇಳಿದವನ ಬೆಲೆ ಕಟ್ಟುವುದು ಬರಲಿಲ್ಲ.

ಬಹುಮಾನವನ್ನು ಪಡೆಯುವವರೇ ಸರಿಪಡಿಸಿದ ಉದಾಹರಣೆ ಹತ್ತಿರದಲ್ಲೇ ಇದೆ. 2018ರಲ್ಲಿ ಭಾರತ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಬಿಸಿಸಿಐ ಕೋಚ್ ರಾಹುಲ್ ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಫಿಸಿಯೊ, ಟ್ರೈನರ್‌ಗಳ ದುಡಿಮೆ ಕಡಿಮೆಯೇ ಎಂದು ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು, ಅವರದು ಅರ್ಧಕ್ಕೆ ಇಳಿಯಿತು. 2024ರ ಟಿ20 ವಿಶ್ವಕಪ್ ಗೆಲುವಿನ 125 ಕೋಟಿಯಲ್ಲಿ ತಮ್ಮ ಪಾಲಿಗೆ ಬಂದ ಐದು ಕೋಟಿಯಲ್ಲೂ ಉಳಿದ ಕೋಚ್‌ಗಳಷ್ಟೇ, ಎರಡೂವರೆ ಕೋಟಿ, ತೆಗೆದುಕೊಂಡರು. ಅದಕ್ಕೂ ಮೊದಲು, 2017ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ ಬೇಡವೆಂದು, ಕ್ರೀಡೆಯಲ್ಲೇ ಸಂಶೋಧನೆ ಮಾಡಿ ಪಡೆಯುವ ಆಸೆ ಹೇಳಿಕೊಂಡಿದ್ದರು. ಹೆಸರಿನ ಹಿಂದೆ 'ಡಾ.' ಅಂಟಿಸಿಕೊಳ್ಳಲು ಹಣ ಕೊಟ್ಟು ಸಾಲು ನಿಲ್ಲುವವರಿರುವ ರಾಜ್ಯದಲ್ಲಿ ಅದು ಸಣ್ಣ ಮಾತಲ್ಲ.

ದ್ರಾವಿಡ್‌ಗೆ ಅಂಥ ನಿರಾಕರಣೆ ಸಾಧ್ಯವಾದದ್ದು ಹೊಟ್ಟೆ ತುಂಬಿದ್ದರಿಂದ ಎನ್ನಬಹುದು, ಅದರಲ್ಲಿ ಸತ್ಯವೂ ಇದೆ. ಹಾಗೆಂದೇ ಬಡ ಹುಡುಗನಿಂದ ಅದೇ ದೊಡ್ಡತನ ನಿರೀಕ್ಷಿಸುವುದು ಅನ್ಯಾಯ. ಕಂಬಳದ ಶ್ರೀನಿವಾಸ ಗೌಡರನ್ನು 2020ರಲ್ಲಿ ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೇ ಎತ್ತಿ ಕುಣಿಸಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು, ಮುಖ್ಯಮಂತ್ರಿ ಮೂರು ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಕೋಣಗಳ ಹಿಂದೆ ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕಿನ ಮೇಲೆ ಓಡುವುದೇ ಬೇರೆ ಎಂದು ವಿವೇಕದಿಂದ ಹಿಂದೆ ಸರಿದವರು ಆ ಕಟ್ಟಡ ಕಾರ್ಮಿಕ ಒಬ್ಬರೇ.

ಐದು ತಾಲ್ಲೂಕುಗಳ ಶಾಲಾ ಕ್ರೀಡಾಕೂಟಗಳಲ್ಲಿ ಗೆದ್ದ ಮಕ್ಕಳಿಗೆ ಸಿಗುವುದು ಸ್ಟೀಲ್ ಲೋಟ, ಊಟದ ಡಬ್ಬಿ, ಪ್ರಮಾಣಪತ್ರ. ಲೋಟದ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತದೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಆಯ್ಕೆಯಾದ ಹುಡುಗಿ ಬರಿಗಾಲಲ್ಲಿ ಅಭ್ಯಾಸ ಮಾಡಿ, ಓಟದ ದಿನ ಯಾರದೋ ಶೂ ಹಾಕಿಕೊಂಡು ಓಡುತ್ತಾಳೆ. ಪಕ್ಕದ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಂಪನಿಯೊಂದು 2018ರಿಂದ ನಡೆಸುತ್ತಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ 87.58 ಮೀಟರ್ ಎಸೆದು ಅವರು ಚಿನ್ನ ಗೆದ್ದಾಗ ಹರಿಯಾಣ ಆರು ಕೋಟಿ ಘೋಷಿಸಿತು. ಕರ್ನಾಟಕ ಅವರಿಗೆ ಹಿಂದೆ ತರಬೇತಿ ಕೊಟ್ಟಿದ್ದರೆಂದು ಶಿರಸಿ ಕಡೆಯ ಕಾಶೀನಾಥ ನಾಯ್ಕ ಅವರಿಗೆ ಹತ್ತು ಲಕ್ಷ ಘೋಷಿಸಿತು. ಅಥ್ಲೆಟಿಕ್ಸ್ ಫೆಡರೇಷನ್ ಅಧ್ಯಕ್ಷರು ಅವರು ಯಾರೆಂದೇ ಗೊತ್ತಿಲ್ಲವೆಂದರು. ಪದಕ ಬಂದ ಮೇಲೆ ಗುರುವನ್ನು ಹುಡುಕಲು ಹೊರಟರೆ ಆಗುವುದು ಇದೇ. ರಾಜ್ಯದ ದೊಡ್ಡ ಕ್ರೀಡಾ ಪ್ರಶಸ್ತಿಗೆ ಹೆಬ್ಬೆರಳು ಕಳೆದುಕೊಂಡ ಏಕಲವ್ಯನ ಹೆಸರು, ಕೇಂದ್ರದ ಕೋಚ್ ಪ್ರಶಸ್ತಿಗೆ ಆ ಹೆಬ್ಬೆರಳು ಕೇಳಿದ ದ್ರೋಣಾಚಾರ್ಯನ ಹೆಸರು ಇಟ್ಟಿರುವ ದೇಶ ಇದು. ಗುರು-ಶಿಷ್ಯರ ಲೆಕ್ಕ ಇಲ್ಲಿ ಹಿಂದಿನಿಂದಲೂ ಸರಿಯಾಗಿಲ್ಲ.

ಈ ಐದು ತಾಲ್ಲೂಕುಗಳು ಈಗ ಸೇರಿರುವ ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಹೊಸ ಜಿಲ್ಲೆಗೆ ಹೊಸ ರೂಢಿ ಹಾಕಿಕೊಳ್ಳುವ ಅವಕಾಶ ಇನ್ನೂ ಇದೆ. ಜಿಲ್ಲಾ ಮಟ್ಟದಲ್ಲಿ ಗೆದ್ದ ಮಗುವಿಗೆ ಮುಂದಿನ ಎರಡು ವರ್ಷ ಹಾಲು-ಮೊಟ್ಟೆಯ ಖರ್ಚು, ಶೂ, ಬಸ್ ಪಾಸು, ತರಬೇತುದಾರರ ಸಮಯ ಸಿಗುತ್ತದೆಂದು ಕ್ರೀಡಾಕೂಟಕ್ಕೆ ಮೊದಲೇ ಪ್ರಕಟಿಸಬಹುದು. ಯಾವ ಮಟ್ಟದ ಗೆಲುವಿಗೆ ಎಷ್ಟು ಎಂಬ ಪಟ್ಟಿ ಎಲ್ಲ ಆಟಗಳಿಗೂ ಸಮನಾಗಿ, ಕೊಕ್ಕೊಗೂ ಕ್ರಿಕೆಟ್ಟಿಗೂ ಒಂದೇ ಹಾಳೆಯಲ್ಲಿ, ರಾಜ್ಯದ ಕಡೆಯಿಂದ ಇರಬೇಕು. ಆಗ ಗೆದ್ದವರು ಪತ್ರಿಕಾಗೋಷ್ಠಿ ಕರೆದು ಚೌಕಾಸಿ ಮಾಡುವ ಪಾಡು ತಪ್ಪುತ್ತದೆ. ಜಾತ್ರೆಯ ಪಂದ್ಯಗಳಿಗೆ ಹಣ ಕೊಡುವ ರಾಜಕಾರಣಿಗಳು ಕೊಡಲಿ, ಆದರೆ ಅದರಲ್ಲಿ ಒಂದು ಪಾಲು ಅದೇ ಊರಿನ ಮೈದಾನ ಸಮ ಮಾಡಿಸಲು, ಗರಡಿ ಮನೆಗೆ ಕೆಮ್ಮಣ್ಣು ತುಂಬಿಸಲು ಹೋಗಲಿ. ಕರಪತ್ರದಲ್ಲಿ ಅವರ ಹೆಸರು ಇನ್ನಷ್ಟು ದೊಡ್ಡಕ್ಷರದಲ್ಲಿ ಬಂದರೂ ಯಾರಿಗೂ ತಕರಾರಿರದು.

ಇದಕ್ಕೆಲ್ಲ ಮೊದಲು ಆಗಬೇಕಾದದ್ದು ದೈಹಿಕ ಶಿಕ್ಷಣ ಶಿಕ್ಷಕರ ನೇಮಕ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಗಣಿತದ ಮೇಷ್ಟ್ರೇ ಸೀಟಿ ಊದುತ್ತಾರೆ. ಸಾಧಕರ ಸನ್ಮಾನಕ್ಕೆ ಹಣ ಹುಡುಕುವುದು ಯಾವ ಸರ್ಕಾರಕ್ಕೂ ಕಷ್ಟವಾದದ್ದಿಲ್ಲ. ಮುಂದಿನ ಒಲಿಂಪಿಕ್ಸ್ 2028ರಲ್ಲಿ, ಅದರ ಮುಂದಿನದು 2032ರಲ್ಲಿ. ಹಡಗಲಿಯ ಅಥವಾ ಕೊಟ್ಟೂರಿನ ಹೈಸ್ಕೂಲಿನಲ್ಲಿ ಈಗ ಓಡುತ್ತಿರುವ ಹುಡುಗಿಗೆ ಎರಡನೆಯದು ಸರಿಯಾದ ವಯಸ್ಸು. ಅವಳಿಗೆ ಬೇಕಾದ ಕೋಚ್, ಟ್ರ್ಯಾಕ್, ಶೂಗಳ ಬೇಡಿಕೆ ಜಿಲ್ಲೆಯ ಮುಂದಿನ ಕ್ರಿಯಾಯೋಜನೆಯಲ್ಲೇ ಸೇರಬೇಕು.